ಸಬ್ಸಿಡಿ ಸೋಲಾರ್, ಸಬ್ಸಿಡಿ ಇಲ್ಲದ ಸೋಲಾರ್, ಬ್ಯಾಟರಿ ಸೋಲಾರ್: ಮೂರೂ ಹಾಕಿಸಿ ನೋಡಿದ ಮೇಲೆ

ಮೊದಲೇ ಹೇಳ್ಬಿಡ್ತೀನಿ, ಮನೆಗೆ ಅಂದ್ರೆ ನನ್ನ ಓಟು ಕೇಂದ್ರ ಸರ್ಕಾರದ ಪಿಎಂ ಸೂರ್ಯ ಘರ್ ಸಬ್ಸಿಡಿಲಿ ಹಾಕಿಸಿದ 3 ಕಿಲೋವ್ಯಾಟ್ ಆನ್‌ಗ್ರಿಡ್‌ಗೇ, ಅಂದ್ರೆ ಬ್ಯಾಟರಿ ಇಲ್ಲದೆ ಕರೆಂಟ್ ಲೈನಿಗೇ ಸೇರಿಸೋದಕ್ಕೆ. ಆ ಸಬ್ಸಿಡಿ ದುಡ್ಡು ಕೈಗೆ ಬರೋಕೆ ಐದು ತಿಂಗಳು ಅಲೆದಾಡಿದ್ದೀನಿ, ಆದ್ರೂ ಅದಕ್ಕೇ.

ನಮ್ಮಲ್ಲಿ ಮೂರು ಥರದ್ದೂ ಇದೆ. ತೋಟದ ಮನೆಗೆ 2019ರಲ್ಲಿ ಬ್ಯಾಟರಿ ಸಿಸ್ಟಮ್, ಅಂಗಡಿ ಮೇಲೆ ಸಬ್ಸಿಡಿ ಇಲ್ಲದೆ ಕೈದುಡ್ಡಲ್ಲಿ 3 ಕಿಲೋವ್ಯಾಟ್, ಆಮೇಲೆ 2024ರ ಡಿಸೆಂಬರ್‌ನಲ್ಲಿ ಮನೆ ಮೇಲೆ ಸಬ್ಸಿಡಿದು.

ಯಾರನ್ನ ಕೇಳಿದ್ರೂ 3 ಕಿಲೋವ್ಯಾಟೇ ಹಾಕ್ಸಿ ಅಂತಾರೆ. ಯಾಕೆ ಅಂದ್ರೆ ಸ್ಕೀಮೇ ಹಾಗಿದೆ, ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೇದಕ್ಕೆ 18,000, ಒಟ್ಟು 78,000, ಅದರ ಮೇಲೆ ನೀವು 5 ಹಾಕಿಸಿದ್ರೂ ಒಂದು ರೂಪಾಯಿ ಜಾಸ್ತಿ ಇಲ್ಲ. ಹಂಗಾಗಿ ಸೋಲಾರ್ ಮಾರೋರು ಸಾಮಾನು ತಂದಿಟ್ಕೊಳ್ಳೋದೇ 3ರ ಲೆಕ್ಕದಲ್ಲಿ, ನಮ್ಮ ಮನೆ ಖರ್ಚು ಎಷ್ಟು ಅಂತ ಬಿಲ್ ನೋಡಿ ಕೇಳಿದವರು ಒಬ್ಬರೇ ಒಬ್ಬರು.

ಇನ್ನೊಂದು ಲೆಕ್ಕ ಕೊಟೇಶನ್‌ನಲ್ಲಿ ಯಾರೂ ಬರ್ಕೊಡಲ್ಲ. ಸಬ್ಸಿಡಿ ಬೇಕು ಅಂದ್ರೆ ಸೆಲ್ಲೂ ಪ್ಯಾನಲ್ಲೂ ಎರಡೂ ನಮ್ಮ ದೇಶದಲ್ಲೇ ಆಗಿರಬೇಕು, ಡಿಸಿಆರ್ ಅಂತಾರೆ ಅದಕ್ಕೆ. ನನಗೆ ಡಿಸಿಆರ್ ಪ್ಯಾನಲ್‌ಗೆ ಬಂದ ರೇಟು 1,95,000, ಅದೇ ವಾರ ಡಿಸಿಆರ್ ಅಲ್ಲದ್ದಕ್ಕೆ 1,52,000. ಅಂದ್ರೆ ಸರ್ಕಾರ ಕೊಡೋ 78,000ದಲ್ಲಿ 43,000 ಆ ವ್ಯತ್ಯಾಸಕ್ಕೇ ಹೋಯ್ತು, ನಿಜವಾಗಿ ನನಗೆ ಉಳಿದಿದ್ದು 35,000. ದೇಶದ ಫ್ಯಾಕ್ಟರಿ ಬೆಳೀಲಿ ಅನ್ನೋದು ಸರಿನೇ, ನನಗೆ ಅದರ ಬಗ್ಗೆ ತಕರಾರಿಲ್ಲ, ಆದ್ರೆ 78,000 ಪೂರ್ತಿ ನಮ್ಮ ಜೇಬಿಗೆ ಅನ್ಕೊಂಡು ಸಾಲ ಮಾಡೋಕೆ ಹೋಗಬೇಡಿ. ನನ್ನ ಮನಸ್ಸು ಸಬ್ಸಿಡಿ ಕಡೆ ವಾಲಿದ್ದು ಐದು ವರ್ಷ ಮೆಂಟೆನೆನ್ಸ್ ವೆಂಡರ್ರೇ ನೋಡ್ಕೋಬೇಕು ಅನ್ನೋ ಷರತ್ತಿಗೆ. ಅಂಗಡಿದು ಇನ್ವರ್ಟರ್ ಕೆಟ್ಟಾಗ ಫೋನ್ ಎತ್ತೋರೇ ಇರಲಿಲ್ಲ.

ಈಗ ಆ ಐದು ತಿಂಗಳ ಕಥೆ. ಮನೆ ಕರೆಂಟ್ ಕನೆಕ್ಷನ್ ಅಮ್ಮನ ಹೆಸರಲ್ಲಿದೆ. ಹಳೇ ಆರ್‌ಆರ್ ರೆಕಾರ್ಡಲ್ಲಿ, ಅಂದ್ರೆ ಕರೆಂಟ್ ಕನೆಕ್ಷನ್ ನಂಬರಿನ ದಾಖಲೇಲಿ, ಅಮ್ಮನನ್ನ ಮನೇಲಿ ಕರೆಯೋ ಹೆಸರು, ಮುಂದೆ ಕೋಂ ಅಂತ ಅಪ್ಪನ ಹೆಸರು. ಆಧಾರಲ್ಲಿ, ಪಾಸ್‌ಬುಕ್ಕಲ್ಲಿ ಇರೋದು ಸ್ಕೂಲಿನ ಹೆಸರು. ಇಷ್ಟು ವರ್ಷ ಬಿಲ್ ಕಟ್ಟುವಾಗ ಇದು ಯಾರಿಗೂ ಬೇಕಾಗಿರಲಿಲ್ಲ. ವೆಂಡರ್‌ಗೆ ಮೊದಲ ದಿನವೇ ತೋರಿಸಿದೆ, ಆಮೇಲೆ ಸರಿ ಮಾಡ್ಕೋಬಹುದು ಸಾರ್, ಮೊದಲು ಪ್ಯಾನಲ್ ಕೂರಿಸೋಣ ಅಂದ್ರು. ಪ್ಯಾನಲ್ ಕೂತ್ಕೊಳ್ತು, ನೆಟ್ ಮೀಟರ್ (ನಾವು ತಗೊಳ್ಳೋ, ಲೈನಿಗೆ ಕೊಡೋ ಯೂನಿಟ್ ಎರಡನ್ನೂ ಎಣಿಸೋ ಮೀಟರ್) ಬಂತು, ಸೂರ್ಯ ಘರ್ ಪೋರ್ಟಲ್‌ನಲ್ಲಿ ಬ್ಯಾಂಕ್ ಡೀಟೇಲ್ಸ್ ಹಾಕಿದ ಮೇಲೆ ಹೆಸರು ಹೊಂದ್ತಿಲ್ಲ ಅಂತ ವಾಪಸ್.

ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡಿಸಿದೆ, ಬ್ಯಾಂಕಿನವರು ಅದನ್ನ ಒಪ್ಪಲಿಲ್ಲ. ಕರೆಂಟ್ ಕಂಪನಿಯ ಸೆಕ್ಷನ್ ಆಫೀಸಿಗೆ ಹೋದ್ರೆ ಮನೆಯ ಖಾತೆ (ಆಸ್ತಿ ದಾಖಲೆ) ನಕಲು ತನ್ನಿ ಅಂದ್ರು, ಖಾತೇಲಿ ನೋಡಿದ್ರೆ ಅದೇ ಕರೆಯೋ ಹೆಸರು. ಹಂಗಾಗಿ ಮೊದಲು ಖಾತೆ ತಿದ್ದುಪಡಿ, ಆಮೇಲೆ ಆರ್‌ಆರ್ ಹೆಸರು, ಅದಾದ ಮೇಲೆ ಪೋರ್ಟಲ್‌ನಲ್ಲಿ ಇನ್ನೂ ಹಳೇ ಹೆಸರೇ ತೋರಿಸ್ತಿದೆ ಅಂತ ಮತ್ತೊಂದು ದೂರು. ಮಂಡಿ ನೋವಿರೋ ಅಮ್ಮನನ್ನ ಸಹಿ ಮಾಡಿಸೋಕೆ ಮೂರು ಸಲ ಮೆಟ್ಟಿಲು ಹತ್ತಿಸಿದ್ದು ಇವತ್ತಿಗೂ ಬೇಜಾರು. ಅಷ್ಟೂ ದಿನ 78,000ಕ್ಕೂ ಸೇರಿಸಿ ಸಾಲದ ಬಡ್ಡಿ ಓಡ್ತಾ ಇತ್ತು. ಮೇ ತಿಂಗಳಲ್ಲಿ ದುಡ್ಡು ಬಂತು, ಪೂರ್ತಿ ಬಂತು, ಮಧ್ಯೆ ಯಾರೂ ಒಂದು ಪೈಸೆ ಕೇಳಲಿಲ್ಲ, ಅದನ್ನೂ ಹೇಳಬೇಕು. ದಯವಿಟ್ಟು ಅಡ್ವಾನ್ಸ್ ಕೊಡೋಕೆ ಮುಂಚೆ ಕರೆಂಟ್ ಬಿಲ್ಲು, ಆಧಾರು, ಪಾಸ್‌ಬುಕ್ಕು ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ನೋಡ್ಕೊಳ್ಳಿ.

ಅಂಗಡಿದಕ್ಕೆ ಈ ರಗಳೆ ಏನೂ ಇಲ್ಲ, ಹತ್ತು ದಿನದಲ್ಲಿ ಪ್ಯಾನಲ್ ಕೂತಿತ್ತು. ಸೂರ್ಯ ಘರ್ ಮನೆಗಳಿಗೆ ಮಾತ್ರ, ಹಂಗಾಗಿ ಅಲ್ಲಿ ಬೇರೆ ದಾರಿಯೂ ಇರಲಿಲ್ಲ. ಕಮರ್ಷಿಯಲ್ ರೇಟು ಮನೆಗಿಂತ ಜಾಸ್ತಿ ಇರೋದ್ರಿಂದ ದುಡ್ಡು ಬೇಗ ವಾಪಸ್ ಬರುತ್ತೆ.

ಬ್ಯಾಟರಿದು ಲೈನೇ ಇಲ್ಲದ ಕಡೆ ಸರಿ. ನಾಲ್ಕು ಟ್ಯೂಬುಲರ್ ಬ್ಯಾಟರಿ ಐದನೇ ವರ್ಷಕ್ಕೆ ಬದಲಾಯಿಸಬೇಕಾಯ್ತು. ಆದ್ರೆ ಕರೆಂಟ್ ಹೋದಾಗ ಉರಿಯೋದು ಅದೊಂದೇ, ಆನ್‌ಗ್ರಿಡ್ ಮಟಮಟ ಮಧ್ಯಾಹ್ನದಲ್ಲೂ ಲೈನ್ ಜೊತೆಗೇ ಆಫ್ ಆಗುತ್ತೆ.

ಹಾಗಾದ್ರೆ ಎಲ್ಲರೂ ಸಬ್ಸಿಡಿದು ಹಾಕಿಸಬೇಕಾ? ಇಲ್ಲ. ನಮ್ಮ ಅಕ್ಕನ ಮನೇಲಿ ತಿಂಗಳಿಗೆ 120 ಯೂನಿಟ್, 2023ರಿಂದ ಗೃಹಜ್ಯೋತೀಲಿ ಬಿಲ್ ಸೊನ್ನೆ, ಅವರು ಒಂದು ಲಕ್ಷದ ಮೇಲೆ ಯಾಕೆ ಹಾಕ್ತಾರೆ? ಕೇಂದ್ರ ಸೋಲಾರ್ ಹಾಕ್ಸಿ ಅಂತ ದುಡ್ಡು ಕೊಡುತ್ತೆ, ರಾಜ್ಯ ಕರೆಂಟೇ ಫ್ರೀ ಕೊಡುತ್ತೆ, ಹಂಗಾಗಿ ಇಲ್ಲಿ ಸೋಲಾರ್ ಕಡೆ ನೋಡೋದು 200 ಯೂನಿಟ್ ದಾಟೋ ನಮ್ಮಂಥವರು. ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕಲ್ಲ. ನಮ್ಮದು 290ರ ಹತ್ರ, ಬಿಲ್ 2,200 ಬರ್ತಿತ್ತು, ಈಗ ಫಿಕ್ಸೆಡ್ ಚಾರ್ಜು, ಟ್ಯಾಕ್ಸು ಸೇರಿ 500 ಚಿಲ್ಲರೆ. ಮಳೆಗಾಲದಲ್ಲಿ ಸ್ವಲ್ಪ ಜಾಸ್ತಿ. ಮಿಕ್ಸಿ, ವಾಷಿಂಗ್ ಮಷಿನ್, ಮೋಟರ್ ಎಲ್ಲ ಹಗಲಲ್ಲೇ ಓಡಿಸೋ ಮನೆ ನಮ್ಮದು. ಉಳಿದ ಯೂನಿಟ್ ಮಾರಿ ದುಡ್ಡು ಮಾಡ್ತೀನಿ ಅನ್ನೋ ಕಾಲ ಹೋಯ್ತು. 2013ರಲ್ಲಿ ನಮ್ಮ ರಾಜ್ಯದಲ್ಲೇ ಛಾವಣಿ ಸೋಲಾರ್‌ಗೆ ಯೂನಿಟ್‌ಗೆ 9.56 ರೂಪಾಯಿ ಇತ್ತು, ಆಗ ಜನ ಮಾರೋಕೇ ಅಂತ ಹಾಕಿಸಿದ್ರು, 2016ರಲ್ಲಿ ಇಳಿಸಿದ್ರು, ಈಗ ಸಿಗೋದು ನಾವು ಕೊಳ್ಳೋ ರೇಟಿಗಿಂತ ತುಂಬಾ ಕಡಿಮೆ.

2025ರ ಸೆಪ್ಟೆಂಬರ್‌ನಿಂದ ಪ್ಯಾನಲ್ ಮೇಲಿನ ಜಿಎಸ್‌ಟಿ 12ರಿಂದ 5 ಆಗಿದೆ, ಹೊಸದಾಗಿ ಹಾಕಿಸೋರಿಗೆ ಅದೊಂದು ಅನುಕೂಲ. ಚಿಕ್ಕಪ್ಪನೂ ಹಾಕಿಸ್ತೀನಿ ಅಂದ್ರು, ಮೊದಲು ಬಿಲ್ ತನ್ನಿ ಅಂದೆ. ತಾತನ ಹೆಸರಲ್ಲಿದೆ. ಪ್ಯಾನಲ್ ವಿಷಯ ಆಮೇಲೆ, ಸೋಮವಾರ ಇಬ್ಬರೂ ಖಾತೆ ಕೆಲಸಕ್ಕೆ ಹೋಗ್ತಿದೀವಿ.