ಓದಿಗೆ ಬೇಕಾದ ಲಿಂಕ್‌ಗಳನ್ನು ಊರಿಗೆ ಹಂಚಲು ಯಾವುದು ಸರಿ: ವಾಟ್ಸ್ಆ್ಯಪ್, ಟೆಲಿಗ್ರಾಂ, ಚಂದಾ ಕಟ್ಟಿದ ಆ್ಯಪ್, ಗೂಗಲ್ ಡಾಕ್

ಮೊದಲೇ ಹೇಳಿಬಿಡುತ್ತೇನೆ: ನನ್ನ ಮತ ಗೂಗಲ್ ಡಾಕ್‌ನ ಒಂದೇ ಒಂದು ಪುಟಕ್ಕೆ. ಉಳಿದವನ್ನೂ ಬಳಸಿ ನೋಡಿದ್ದೇನೆ. ಒಂದಕ್ಕೆ ಕೈಯಿಂದ ವರ್ಷದ ಚಂದಾ ಕಟ್ಟಿದ್ದೇನೆ. ಆ ಚಂದಾ ಈ ತಿಂಗಳು ಮುಗಿಯುತ್ತಿದೆ, ಅದನ್ನು ಮುಂದುವರಿಸುವುದಿಲ್ಲ. ಏಕೆ ಎಂದು ಕೇಳಿದ ಪಕ್ಕದ ಪಂಚಾಯಿತಿಗಳ ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಮೂಡಿಗೆರೆ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಗ್ರಂಥಾಲಯ ಮೇಲ್ವಿಚಾರಕಿ. ಪುಸ್ತಕ ಕೇಳಿಕೊಂಡು ಬರುವವರ ಜೊತೆಗೆ ಈಗ ‘ಇದಕ್ಕೆ ನೆಟ್‌ನಲ್ಲಿ ಏನಾದರೂ ಇದೆಯೇ ಮೇಡಂ’ ಎಂದು ಕೇಳುವವರೂ ಬರುತ್ತಾರೆ. ಹೈಸ್ಕೂಲಿನ ಮಕ್ಕಳು, ಎಫ್‌ಡಿಎ ಮತ್ತು ಪಿಡಿಒ ಪರೀಕ್ಷೆಗೆ ಓದುವ ಯುವಕ ಯುವತಿಯರು, ಸಣ್ಣ ಹಿಡುವಳಿಯ ಕಾಫಿ ಬೆಳೆಗಾರರು. ಹುಡುಕಿದರೆ ಸಿಗುವುದು ರಾಶಿ. ಅದರಲ್ಲಿ ಕನ್ನಡದಲ್ಲಿರುವುದು, ನಂಬಬಹುದಾದದ್ದು, ನಮ್ಮ ಕಡೆಯ ಸಿಗ್ನಲ್‌ನಲ್ಲಿ ತೆರೆದುಕೊಳ್ಳುವುದು ಬಹಳ ಕಡಿಮೆ. ಅದನ್ನು ಆರಿಸಿ ಕೊಡುವುದು ಗ್ರಂಥಾಲಯದ ಕೆಲಸವೇ ಎಂದು ನಾನು ನಂಬಿದ್ದೇನೆ. ಕಪಾಟಿನಲ್ಲಿ ಯಾವ ಪುಸ್ತಕ ಎಲ್ಲಿರಬೇಕು ಎಂದು ಯೋಚಿಸುವಷ್ಟೇ ಶ್ರದ್ಧೆ ಇದಕ್ಕೂ ಬೇಕು.

ವಾಟ್ಸ್ಆ್ಯಪ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎಲ್ಲರ ಮೊಬೈಲ್‌ನಲ್ಲೂ ಇದೆ ಎಂಬುದೇ ಅದರ ಬಲ. ಬೆಳಿಗ್ಗೆ ಹಾಕಿದ ಒಳ್ಳೆಯ ಲಿಂಕ್ ಸಂಜೆಯ ಹೊತ್ತಿಗೆ ಶುಭೋದಯ, ಹುಟ್ಟುಹಬ್ಬ, ಕರೆಂಟ್ ಯಾವಾಗ ಬರುತ್ತದೆ ಎಂಬ ಪ್ರಶ್ನೆಗಳ ಕೆಳಗೆ ಹೂತುಹೋಗುತ್ತದೆ. ಜೂನ್‌ನಲ್ಲಿ ಹಾಕಿದ್ದು ನವೆಂಬರ್‌ನಲ್ಲಿ ಗುಂಪಿಗೆ ಸೇರಿದ ಹುಡುಗಿಗೆ ಸಿಗುವುದಿಲ್ಲ. ‘ಹೊಸದು ಸೇರಿಸಿದ್ದೇನೆ, ನೋಡಿ’ ಎಂದು ಕೂಗಿ ಹೇಳಲು ಅದು ಸಾಕು. ಕೂಡಿಡಲು ಅಲ್ಲ.

ಇನ್ನು ಆ ಚಂದಾ ಆ್ಯಪ್. ಹೆಸರು ಬೇಡ. ಲಿಂಕ್‌ಗಳನ್ನು ವಿಷಯವಾರು ಜೋಡಿಸಿ, ಚಿತ್ರದ ಸಮೇತ ಅಂದವಾಗಿ ತೋರಿಸಿ, ಇಡೀ ಪಟ್ಟಿಯನ್ನು ಒಂದೇ ವಿಳಾಸದಲ್ಲಿ ಹಂಚಿಕೊಳ್ಳಲು ಬಿಡುವ ಆ್ಯಪ್ ಅದು. ವರ್ಷಕ್ಕೆ ಎರಡು ಸಾವಿರ ರೂಪಾಯಿಗೆ ಹತ್ತಿರ. ನೋಡಲು ಚೆಂದ ಎಂಬುದನ್ನು ಒಪ್ಪುತ್ತೇನೆ. ಆದರೆ ಅದು ಸೋತದ್ದು ನಾನು ಲೆಕ್ಕಕ್ಕೇ ತೆಗೆದುಕೊಂಡಿರದ ಒಂದು ಜಾಗದಲ್ಲಿ, ಲಿಂಕ್‌ನ ವಿಳಾಸದಲ್ಲಿ.

ಪಟ್ಟಿಯನ್ನು ಹಂಚಿದಾಗ ಅದು ಕೊಡುತ್ತಿದ್ದದ್ದು ತಲೆಬುಡವಿಲ್ಲದ ಅಕ್ಷರಗಳ ಒಂದು ಚಿಕ್ಕ ವಿಳಾಸ. ಊರಿನವರು ಅದನ್ನು ಒತ್ತಲಿಲ್ಲ. ನಮ್ಮ ಕಡೆ ಇಂಥ ಲಿಂಕ್ ಒತ್ತಿ ಖಾತೆಯ ಹಣ ಕಳೆದುಕೊಂಡವರಿದ್ದಾರೆ. ಗುರುತಿಲ್ಲದ ಲಿಂಕ್ ತೆರೆಯಬೇಡಿ ಎಂದು ಬ್ಯಾಂಕಿನವರು, ಪೊಲೀಸರು ಹೇಳುತ್ತಲೇ ಇದ್ದಾರೆ. ಕಾಫಿ ಗಿಡದ ಕಾಂಡ ಕೊರೆಯುವ ಹುಳುವಾದ ಕಾಂಡಕೊರಕದ ಬಗ್ಗೆ ನಾನು ಕಳಿಸಿದ ಮಾಹಿತಿಯನ್ನು ಒಬ್ಬ ಹಿರಿಯ ಬೆಳೆಗಾರರು ಮೊಬೈಲ್ ಸಮೇತ ಕೇಂದ್ರಕ್ಕೇ ತಂದು, ‘ಇದು ನೀನೇ ಕಳಿಸಿದ್ದೇನಮ್ಮಾ? ಒತ್ತಬಹುದೇ?’ ಎಂದು ಕೇಳಿದರು. ಅವರು ಮಾಡಿದ್ದು ಸರಿ. ಆ ಎಚ್ಚರವನ್ನು ಬಿಡಿ ಎಂದು ನಾನು ಯಾರಿಗೂ ಹೇಳಲಾರೆ.

ಹಾಗಾದರೆ ಚಿಕ್ಕ ವಿಳಾಸ ಬಿಟ್ಟು ಮೂಲ ಪುಟದ ವಿಳಾಸವನ್ನೇ ಕಳಿಸೋಣ ಎಂದರೆ ಕನ್ನಡಕ್ಕೆ ಅಲ್ಲಿ ಬೇರೆ ಕಾಟವಿದೆ. ಕನ್ನಡ ವಿಕಿಪೀಡಿಯದ ಪುಟ ತೆರೆದು, ವಿಳಾಸ ನಕಲು ಮಾಡಿ, ಸಂದೇಶದಲ್ಲಿ ಅಂಟಿಸಿ ನೋಡಿ. ಪುಟದ ಹೆಸರು ಕನ್ನಡದಲ್ಲಿ ಉಳಿಯುವುದೇ ಅಪರೂಪ. ಕಂಪ್ಯೂಟರ್ ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಯುಟಿಎಫ್-8 ಎಂಬ ಸಂಕೇತ ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್ ಬೇಕು. ವಿಳಾಸದೊಳಗೆ ಒಂದೊಂದು ಬೈಟ್ ಕೂಡ ಒಂದು ಶೇಕಡಾ ಗುರುತು ಮತ್ತು ಎರಡು ಇಂಗ್ಲಿಷ್ ಅಕ್ಷರ ಅಥವಾ ಅಂಕಿಗಳಾಗಿ ಬದಲಾಗುತ್ತದೆ. ಅಂದರೆ ಕನ್ನಡದ ಒಂದು ಚಿಹ್ನೆಗೆ ಒಂಬತ್ತು ಅಕ್ಷರ. ‘ಹಾಸನ’ ಎಂಬುದರಲ್ಲಿ ದೀರ್ಘದ ಗುರುತೂ ಸೇರಿ ನಾಲ್ಕು ಚಿಹ್ನೆ, ಅದು 36 ಅಕ್ಷರವಾಗುತ್ತದೆ. ‘ಚಿಕ್ಕಮಗಳೂರು’ ಬರೆದರೆ ಗುಣಿತ, ಒತ್ತಿನ ಗುರುತುಗಳೆಲ್ಲ ಸೇರಿ ಹನ್ನೊಂದು ಚಿಹ್ನೆ, 99 ಅಕ್ಷರ. ಚಿಕ್ಕ ಪರದೆಯ ಮೊಬೈಲ್‌ನಲ್ಲಿ ನಾಲ್ಕೈದು ಸಾಲು ತುಂಬ ಶೇಕಡಾ ಗುರುತು ಮತ್ತು ಸೊನ್ನೆಗಳು! ಇದನ್ನು ನೋಡಿದವರು ವೈರಸ್ ಎಂದುಕೊಂಡರೆ ಅವರ ತಪ್ಪೇನು? ಇಂಗ್ಲಿಷ್ ಪುಟದ ವಿಳಾಸವಾದರೆ ಓದಿಯೇ ಅದು ಯಾವುದರ ಬಗ್ಗೆ ಎಂದು ತಿಳಿಯುತ್ತದೆ. ನಮ್ಮ ಭಾಷೆಯ ಪುಟ ಮಾತ್ರ ಮೋಸದ ಸಂದೇಶದಂತೆ ಕಾಣಬೇಕು. ಇದರ ಬಗ್ಗೆ ನನಗೆ ನಿಜವಾಗಿಯೂ ಬೇಸರವಿದೆ.

ವಿಳಾಸ ಕಿರಿದು ಮಾಡುವ ಸೇವೆಗಳಿವೆಯಲ್ಲ ಎನ್ನಬಹುದು. ಅವು ಮೂಲ ತಾಣದ ಹೆಸರನ್ನೇ ಮುಚ್ಚುತ್ತವೆ, ಅನುಮಾನ ಇನ್ನೂ ಹೆಚ್ಚುತ್ತದೆ. ಮೇಲಾಗಿ ಅವು ಎಷ್ಟು ಕಾಲ ಇರುತ್ತವೆ ಎಂಬ ಭರವಸೆಯಿಲ್ಲ. ಗೂಗಲ್‌ನಂಥ ಗೂಗಲ್ ಕೂಡ ತನ್ನ ಕಿರು ವಿಳಾಸದ ಸೇವೆಯಲ್ಲಿ ಹೊಸ ವಿಳಾಸ ಕೊಡುವುದನ್ನು 2019ರಲ್ಲೇ ನಿಲ್ಲಿಸಿತು. ಬಳಕೆಯಲ್ಲಿಲ್ಲದ ಹಳೆಯ ವಿಳಾಸಗಳು 2025ರ ಆಗಸ್ಟ್ 25ರ ನಂತರ ತೆರೆಯುವುದಿಲ್ಲ ಎಂದು ಘೋಷಿಸಿತು. ವಿಕಿಪೀಡಿಯ ಪುಟಗಳಿಗಷ್ಟೇ ವಿಕಿಮೀಡಿಯದವರದ್ದೇ ಕಿರು ವಿಳಾಸದ ಸೌಲಭ್ಯವಿದೆ. ಅದು ಒಳ್ಳೆಯದು, ಆದರೆ ಉಳಿದ ಕನ್ನಡ ತಾಣಗಳಿಗೆ ಅದು ಒದಗುವುದಿಲ್ಲ.

ಧೈರ್ಯ ಮಾಡಿ ಒತ್ತಿದವರಿಗೂ ಆ ಆ್ಯಪ್ ಸುಲಭವಾಗಿ ದಾರಿ ಬಿಡಲಿಲ್ಲ. ಆ್ಯಪ್ ಹಾಕಿಕೊಳ್ಳಿ, ಖಾತೆ ತೆರೆಯಿರಿ ಎಂದು ಪಟ್ಟಿಯ ಮೇಲೆಯೇ ಪರದೆ ಬಂದು ಕೂರುತ್ತಿತ್ತು. ಎಸ್ಟೇಟ್ ಕಾರ್ಮಿಕರ ಲೈನ್ ಮನೆಯ ಮಕ್ಕಳು ಅಪ್ಪನ ಮೊಬೈಲ್ ಸಿಕ್ಕಾಗ ಮಾತ್ರ ನೋಡುವವರು. ಅವರು ಯಾರ ಹೆಸರಿನಲ್ಲಿ ಖಾತೆ ತೆರೆಯಬೇಕು? ಗ್ರಾಹಕ ಸೇವೆಗೆ ಬರೆದೆ. ನಿಮ್ಮ ಓದುಗರಿಗೆ ಆ್ಯಪ್ ಹಾಕಿಕೊಳ್ಳಲು ತಿಳಿಸಿ ಎಂಬ ಉತ್ತರ ಬಂತು. ಅಲ್ಲಿಗೆ ನನ್ನ ತೀರ್ಮಾನವಾಯಿತು.

ಟೆಲಿಗ್ರಾಂ ಚಾನೆಲ್ ಇದಕ್ಕಿಂತ ಎಷ್ಟೋ ಮೇಲು. ಇಂದು ಸೇರಿದವರಿಗೂ ಮೊದಲ ದಿನದ ಸಂದೇಶ ಕಾಣುತ್ತದೆ, ಹ್ಯಾಷ್‌ಟ್ಯಾಗ್ ಹಾಕಿದರೆ ವಿಷಯವಾರು ಹುಡುಕಬಹುದು, 2 ಜಿಬಿವರೆಗಿನ ಕಡತವೂ ಹೋಗುತ್ತದೆ. ಪರೀಕ್ಷೆಗೆ ಓದುವವರೆಲ್ಲ ಅಲ್ಲೇ ಇದ್ದಾರೆ. ಆದರೆ ಬೆಳೆಗಾರರು, ಮಕ್ಕಳ ತಾಯಂದಿರು ಅಲ್ಲಿಲ್ಲ. ಇನ್ನೊಂದು ಕಾರಣ ನನಗೆ ದೊಡ್ಡದು. ಪರೀಕ್ಷೆಯ ಚಾನೆಲ್‌ಗಳಲ್ಲಿ ಪ್ರಕಾಶಕರ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಹಂಚುವುದು ಸಾಮಾನ್ಯವಾಗಿದೆ. ಪುಸ್ತಕದ ಮಧ್ಯೆ ಕುಳಿತು ಕೆಲಸ ಮಾಡುವ ನಾನು ಕದ್ದ ಪ್ರತಿಗಳ ಬೀದಿಯಲ್ಲಿ ಗ್ರಂಥಾಲಯದ ಫಲಕ ತೂಗುಹಾಕಲಾರೆ.

ಯೂಟ್ಯೂಬ್ ಪ್ಲೇಲಿಸ್ಟ್: ಡೇಟಾ ಇರುವವರಿಗೆ ಸರಿ, ಓದುವ ಸಾಮಗ್ರಿಗೆ ಅಲ್ಲ.

ಈಗ ಗೂಗಲ್ ಡಾಕ್. ಅದರ ವಿಳಾಸವೂ ಅರ್ಥವಿಲ್ಲದ ಅಕ್ಷರಗಳ ಸಾಲೇ. ವ್ಯತ್ಯಾಸವೆಂದರೆ ಆ ವಿಳಾಸವನ್ನು ಯಾರೂ ನೋಡಬೇಕಾಗಿಲ್ಲ. ಪುಟ ಒಂದೇ, ವಿಳಾಸ ಬದಲಾಗುವುದಿಲ್ಲ. ಅದರ ಕ್ಯೂಆರ್ ಕೋಡ್ ಅನ್ನು ಅರಿವು ಕೇಂದ್ರದ ಬಾಗಿಲಿಗೆ, ಹಾಲಿನ ಡೇರಿಗೆ, ಹೈಸ್ಕೂಲಿನ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ, ಕೆಳಗೆ ಪಂಚಾಯಿತಿಯ ಮೊಹರು. ಜನ ನಂಬುವುದು ಆ ಬಾಗಿಲನ್ನು, ಆ ಮೊಹರನ್ನು. ಯಾರಿಗಾದರೂ ಅನುಮಾನ ಬಂದರೆ ಒಳಗೆ ಬಂದು ನನ್ನನ್ನೇ ಕೇಳಬಹುದು. ಪುಟದೊಳಗೆ ಪ್ರತಿ ಲಿಂಕ್ ಕನ್ನಡದ ಹೆಸರಿನ ಹಿಂದೆ ಕುಳಿತಿದೆ. ‘ಬೆಳಕಿನ ವಕ್ರೀಭವನ, ಮಾಡಿ ನೋಡಿ’ ಎಂದಿದ್ದರೆ ಅದನ್ನೇ ಒತ್ತುವುದು. ಶೇಕಡಾ ಗುರುತುಗಳ ಸಾಲು ಎಲ್ಲೂ ಕಣ್ಣಿಗೆ ಬೀಳುವುದಿಲ್ಲ.

ಕ್ಯೂಆರ್ ಬಗ್ಗೆ ಒಂದು ಎಚ್ಚರಿಕೆ. ಕೆಲವು ತಾಣಗಳು ಮಾಡಿಕೊಡುವ ಕೋಡ್ ಮೊದಲು ಅವರ ವಿಳಾಸಕ್ಕೆ ಹೋಗಿ ಅಲ್ಲಿಂದ ನಿಮ್ಮ ಪುಟಕ್ಕೆ ಬರುತ್ತದೆ. ಉಚಿತ ಅವಧಿ ಮುಗಿದ ಮೇಲೆ ಅದು ನಿಂತರೆ ಗೋಡೆಯ ಮೇಲಿನ ಹಾಳೆಗಳೆಲ್ಲ ವ್ಯರ್ಥ. ಕ್ರೋಮ್‌ನಲ್ಲಿ ಪುಟ ತೆರೆದು ಹಂಚಿಕೆಯ ಗುಂಡಿ ಒತ್ತಿದರೆ ಕ್ಯೂಆರ್ ಕೋಡ್ ಅಲ್ಲೇ ಸಿಗುತ್ತದೆ. ಅದರೊಳಗೆ ಇರುವುದು ನಿಮ್ಮ ಪುಟದ ವಿಳಾಸವೇ.

ಡಾಕ್ ಅನ್ನು ಹಾಗೆಯೇ ಹಂಚಬೇಡಿ. ಕಂಪ್ಯೂಟರಿನಲ್ಲಿ ‘ಪಬ್ಲಿಷ್ ಟು ವೆಬ್’ ಎಂಬ ಆಯ್ಕೆ ಇದೆ, ಅದನ್ನು ಬಳಸಿ. ಆಗ ಲಾಗಿನ್ ಕೇಳದ, ಯಾವ ಬ್ರೌಸರಿನಲ್ಲಾದರೂ ತೆರೆಯುವ ಸರಳ ಪುಟ ಸಿಗುತ್ತದೆ. ನೀವು ತಿದ್ದಿದ್ದು ಸ್ವಲ್ಪ ಹೊತ್ತಿನಲ್ಲಿ ಅಲ್ಲಿಗೂ ತಲುಪುತ್ತದೆ. ಚಿತ್ರ ಹಾಕಬೇಡಿ. ಮಳೆಗಾಲದಲ್ಲಿ ನಮ್ಮ ಸಿಗ್ನಲ್ ಎಳೆದುಕೊಂಡು ಬರುವುದು ಬರಿಯ ಅಕ್ಷರಗಳನ್ನು ಮಾತ್ರ.

ಪ್ರತಿ ಲಿಂಕ್ ಕೆಳಗೆ ಒಂದು ಸಾಲು ಬರೆಯುತ್ತೇನೆ: ಯಾರಿಗೆ, ಯಾವ ಭಾಷೆ, ಓದುವುದೇ ನೋಡುವುದೇ, ಡೇಟಾ ಹೆಚ್ಚು ಬೇಕೇ, ನಾನು ಕೊನೆಯ ಬಾರಿ ತೆರೆದು ನೋಡಿದ ದಿನಾಂಕ. ಈ ಕೊನೆಯದನ್ನು ಬಿಡಬೇಡಿ. 2013ರಲ್ಲಿದ್ದ ಅಂತರಜಾಲ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ತೆರೆಯುತ್ತಿರಲಿಲ್ಲ ಎಂದು ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಹೇಳಿತು. ಸತ್ತ ಲಿಂಕ್ ಒಂದು ಸಿಕ್ಕರೆ ಮಗು ಇಡೀ ಪಟ್ಟಿಯನ್ನೇ ಬಿಟ್ಟುಬಿಡುತ್ತದೆ. ಅದಕ್ಕಾಗಿ ಪ್ರತಿ ತಿಂಗಳ ಮೊದಲ ವಾರ ಎಲ್ಲವನ್ನೂ ಒತ್ತಿ ನೋಡುತ್ತೇನೆ.

ಪಟ್ಟಿಯಲ್ಲಿ ಈಗ ಉಳಿದಿರುವವುಗಳಲ್ಲಿ ನನಗೆ ಅತಿ ಮೆಚ್ಚು ಕೊಲರಾಡೊ ವಿಶ್ವವಿದ್ಯಾಲಯದ ಫೆಟ್, ಅಂದರೆ ಪರದೆಯ ಮೇಲೆಯೇ ಮಾಡಿ ನೋಡುವ ವಿಜ್ಞಾನದ ಪ್ರಯೋಗಗಳು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ್ದು, ಅನೇಕ ಪ್ರಯೋಗಗಳು ಕನ್ನಡದಲ್ಲೂ ಇವೆ. ಒಂದು ಕಡತವಾಗಿ ಇಳಿಸಿಕೊಂಡರೆ ನೆಟ್ ಇಲ್ಲದಾಗಲೂ ನಡೆಯುತ್ತದೆ. ಜುಲೈ ಮಳೆಯಲ್ಲಿ ಟವರ್ ಮಲಗಿದಾಗ ಕೇಂದ್ರದ ಕಂಪ್ಯೂಟರಿನಲ್ಲಿ ಮಕ್ಕಳು ಪ್ರತಿರೋಧ, ಬಲ್ಬು, ತಂತಿ ಜೋಡಿಸಿ ವಿದ್ಯುನ್ಮಂಡಲ ಮಾಡುತ್ತಾ ಕುಳಿತಿರುತ್ತಾರೆ. ಚಿಕ್ಕವರಿಗೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್. ಅಲ್ಲಿನ ಕನ್ನಡ ಕಥೆಗಳನ್ನು ಇಳಿಸಿ ಮುದ್ರಿಸಿಕೊಳ್ಳಲು ಮುಕ್ತ ಪರವಾನಗಿ ಇದೆ, ಕದ್ದ ಪ್ರತಿಯ ಅಂಜಿಕೆಯಿಲ್ಲ. ಶಾಲಾ ಪಾಠಕ್ಕೆ ಸರ್ಕಾರದ ದೀಕ್ಷಾ ತಾಣ.

ಬೆಳೆಗಾರರ ಭಾಗವನ್ನು ಋತುವಿಗೆ ತಕ್ಕಂತೆ ಮೇಲೆ ಕೆಳಗೆ ಮಾಡುತ್ತೇನೆ. ಅರೇಬಿಕಾ ಗಿಡದ ಬಿಳಿ ಕಾಂಡಕೊರಕದ ದುಂಬಿ ಹೊರಬರುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಅದಕ್ಕೂ ಸ್ವಲ್ಪ ಮುಂಚೆ ಆ ವಿಷಯ ಪುಟದ ತಲೆಗೆ ಬರಬೇಕು. ಮಾಹಿತಿಗೆ ಕಾಫಿ ಮಂಡಳಿ ಮತ್ತು ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯ ಸಲಹೆಯನ್ನೇ ಕೊಡುತ್ತೇನೆ. 1925ರಿಂದ ನಮ್ಮ ಜಿಲ್ಲೆಯಲ್ಲೇ ಇರುವ ಸಂಸ್ಥೆಯನ್ನು ಬಿಟ್ಟು ಯಾರೋ ಔಷಧಿ ಮಾರುವವರ ವಿಡಿಯೊ ನಂಬುವುದೇಕೆ? ಆ್ಯಪ್‌ನಲ್ಲಾದರೆ ಈ ಕ್ರಮ ಬದಲಿಸಲು ಒಂದೊಂದನ್ನೇ ಎಳೆದು ಕೂರಿಸಬೇಕಿತ್ತು. ಡಾಕ್‌ನಲ್ಲಿ ಒಂದು ಪ್ಯಾರಾವನ್ನು ಕತ್ತರಿಸಿ ಮೇಲೆ ಅಂಟಿಸಿದರೆ ಮುಗಿಯಿತು.

ಡಾಕ್‌ಗೂ ಕೊರತೆಗಳಿವೆ. ಎಷ್ಟು ಜನ ನೋಡಿದರು ಎಂಬ ಲೆಕ್ಕ ಸಿಗುವುದಿಲ್ಲ. ಪುಟ ಉದ್ದವಾದರೆ ಹಳೆಯ ಮೊಬೈಲ್‌ಗಳು ಮುಗ್ಗರಿಸುತ್ತವೆ, ಆದ್ದರಿಂದ ಹಳೆಯದನ್ನು ಬೇರೆ ಕಡತಕ್ಕೆ ಸರಿಸುತ್ತಿರಬೇಕು. ನನಗಾಗಿ ಕೂಡಿಡುವ ಕಚ್ಚಾ ಸಂಗ್ರಹಕ್ಕೆ ಡಾಕ್ ಸಾಲದು. ಅದಕ್ಕೆ ಲಿಂಕ್ ಕೂಡಿಡುವ ರೈನ್‌ಡ್ರಾಪ್ ಎಂಬ ಸೇವೆಯನ್ನು ಬಳಸುತ್ತೇನೆ. ಉಚಿತ ಖಾತೆಯಲ್ಲೇ ಎಷ್ಟು ಲಿಂಕ್ ಬೇಕಾದರೂ ಇಡಬಹುದು, ಎಲ್ಲವನ್ನೂ ಒಂದು ಕಡತವಾಗಿ ಹೊರಗೆ ತೆಗೆದುಕೊಳ್ಳಬಹುದು. ಹೊರಗೆ ತೆಗೆಯಲಾಗದ ಯಾವುದರಲ್ಲೂ ಶ್ರಮ ಸುರಿಯಬೇಡಿ. 2007ರಿಂದ ಇದ್ದು, ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾದವರ ಕೈಯಲ್ಲಿದ್ದ, ಇಂಥದ್ದೇ ಲಿಂಕ್ ಕೂಡಿಡುವ ಪಾಕೆಟ್ ಸೇವೆ ಕೂಡ 2025ರ ಜುಲೈ 8ರಂದು ಮುಚ್ಚಿತು.

ನಿಮ್ಮಲ್ಲಿ ಓದುಗರೆಲ್ಲ ಪರೀಕ್ಷಾರ್ಥಿಗಳೇ ಆಗಿದ್ದು, ಎಲ್ಲರ ಕೈಯಲ್ಲೂ ಸ್ವಂತ ಮೊಬೈಲ್ ಇದ್ದರೆ ಟೆಲಿಗ್ರಾಂ ಸಾಕು, ಸ್ವಚ್ಛವಾಗಿ ನಡೆಸಿ. ದಿನವೂ ಹೊಸದು ಹಾಕುವ ಅಭ್ಯಾಸವಿರುವವರಿಗೂ ಅದೇ ಹೊಂದುತ್ತದೆ. ನಾನು ವಾರಕ್ಕೊಮ್ಮೆ ಕುಳಿತು ನಿಧಾನವಾಗಿ ಸೇರಿಸುವವಳು, ಬೆಳಿಗ್ಗೆಯೆಲ್ಲ ಎದುರಿಗೆ ಜನರನ್ನು ಕಾಣುವವಳು. ನನಗೆ ಡಾಕ್, ಬಾಗಿಲಿನ ಕ್ಯೂಆರ್, ಕರೆಂಟ್ ಹೋದ ದಿನಗಳಿಗೆ ಅದೇ ಪುಟದ ಮುದ್ರಿತ ಪ್ರತಿ. ಆ್ಯಪ್‌ಗೆ ಕೊಡಬೇಕಿದ್ದ ಎರಡು ಸಾವಿರದಲ್ಲಿ ಈ ವರ್ಷ ಕ್ಯೂಆರ್ ಹಾಳೆಗಳನ್ನು ಲ್ಯಾಮಿನೇಷನ್ ಮಾಡಿಸಿ ಅಂಗನವಾಡಿ, ಬಸ್ ನಿಲ್ದಾಣ, ಎಸ್ಟೇಟ್‌ಗಳ ಲೈನ್ ಮನೆಗಳ ಬಳಿಯೂ ಹಾಕಿಸುತ್ತೇನೆ.