ಬಿಡುಗಡೆ ಟಿಪ್ಪಣಿಗೆ ಯಾವ ಬದಲಾವಣೆ ಸೇರಬೇಕು: ಮೂರು ವಿಧಾನಗಳ ಹೋಲಿಕೆ

ಆಪರೇಟಿಂಗ್ ಸಿಸ್ಟಂ ಒಂದರ ಎರಡು ಆವೃತ್ತಿಗಳ ನಡುವೆ ಆಗುವ ಬದಲಾವಣೆಗಳನ್ನೆಲ್ಲ ಯಾರೂ ಓದಲಾರರು. ಲಿನಕ್ಸ್‌ನ ತಿರುಳಾದ ಕರ್ನಲ್ ಒಂದಕ್ಕೇ ಪ್ರತಿ ಬಿಡುಗಡೆಯಲ್ಲಿ ಸಾಮಾನ್ಯವಾಗಿ 10,000ಕ್ಕೂ ಹೆಚ್ಚು ಕಮಿಟ್‌ಗಳು (ಕೋಡ್‌ನಲ್ಲಿ ದಾಖಲಾಗುವ ಬಿಡಿ ಬದಲಾವಣೆಗಳು) ಸೇರುತ್ತವೆ. ಇವುಗಳಲ್ಲಿ ಯಾವುವನ್ನು ಬಿಡುಗಡೆ ಟಿಪ್ಪಣಿಗೆ (ಹೊಸ ಆವೃತ್ತಿಯಲ್ಲಿ ಏನು ಬದಲಾಗಿದೆ ಎಂದು ಬಳಕೆದಾರರಿಗೆ ತಿಳಿಸುವ ಬರಹಕ್ಕೆ) ಸೇರಿಸಬೇಕೆಂದು ಆರಿಸುವ ಕೆಲಸವನ್ನು ಸಣ್ಣ ತಂಡವೊಂದರಲ್ಲಿ ಮೂರು ಬಗೆಯಲ್ಲಿ ಮಾಡಿ ನೋಡಿದ್ದೇನೆ.

ಮೊದಲನೆಯದು ಕಮಿಟ್ ಸಂದೇಶಗಳನ್ನು ಕೊನೆಯಲ್ಲಿ ಒಟ್ಟಾಗಿ ಸೋಸುವುದು. ಇದಕ್ಕೆ ಮುಂಚಿನ ಸಿದ್ಧತೆ ಬೇಕಿಲ್ಲ, ಆದರೆ ಆ ಸಂದೇಶಗಳನ್ನು ಬರೆದಿರುವುದು ಕೋಡ್ ಪರಿಶೀಲಿಸುವವರಿಗಾಗಿಯೇ ಹೊರತು ಬಳಕೆದಾರರಿಗಾಗಿ ಅಲ್ಲ. ಸಾವಿರಾರು ಸಾಲುಗಳ ಪುನಾರಚನೆಯಿಂದ ಬಳಕೆದಾರರಿಗೆ ಏನೂ ಗೊತ್ತಾಗದಿರಬಹುದು, ಒಂದು ಡೀಫಾಲ್ಟ್ (ಬಳಕೆದಾರರು ಏನನ್ನೂ ಆರಿಸದಿದ್ದಾಗ ಜಾರಿಯಲ್ಲಿರುವ ಹೊಂದಿಕೆ) ಬದಲಾದರೆ ಸಂಪರ್ಕವೇ ತಪ್ಪಬಹುದು. 2021ರ ಓಪನ್‌ಎಸ್‌ಎಸ್‌ಎಚ್ 8.8 ಆವೃತ್ತಿಯಲ್ಲಿ (ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ ಕಲ್ಪಿಸುವ ತಂತ್ರಾಂಶ ಇದು) ಎಸ್‌ಎಚ್‌ಎ-1 ಬಳಸುವ ಆರ್‌ಎಸ್‌ಎ ಸಹಿಗಳನ್ನು (ಗುರುತು ಖಚಿತಪಡಿಸುವ ಹಳೆಯ ಬಗೆ) ಡೀಫಾಲ್ಟ್ ಆಗಿ ನಿಲ್ಲಿಸಿದ್ದು ಇಂಥ ಬದಲಾವಣೆ. ಅದರ ಗಾತ್ರ ನೋಡಿ ತೂಕ ಅಳೆಯಲಾಗದು.

ಎರಡನೆಯದರಲ್ಲಿ ಬದಲಾವಣೆ ಮಾಡಿದವರೇ ಆಗಲೇ ನಿರ್ಧರಿಸುತ್ತಾರೆ. ಆಪರೇಟಿಂಗ್ ಸಿಸ್ಟಂ ಆದ ಫ್ರೀಬಿಎಸ್‌ಡಿಯಲ್ಲಿ ಕಮಿಟ್ ಸಂದೇಶಕ್ಕೇ ಇದಕ್ಕಾಗಿ ಗುರುತಿನ ಸಾಲೊಂದನ್ನು ಸೇರಿಸುವ ಪದ್ಧತಿಯಿದೆ. ಕ್ಲೌಡ್ ತಂತ್ರಾಂಶ ಯೋಜನೆಯಾದ ಓಪನ್‌ಸ್ಟ್ಯಾಕ್‌ನ ರೆನೋ ಸಲಕರಣೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಪ್‌ಗ್ರೇಡ್, ಕೈಬಿಡಲಿರುವ ಸೌಲಭ್ಯ, ದೋಷ ಪರಿಹಾರ ಎಂಬಂಥ ವಿಭಾಗಗಳಿರುವ ಪ್ರತ್ಯೇಕ ಟಿಪ್ಪಣಿ ಕಡತವನ್ನು ಅದೇ ಪ್ಯಾಚ್‌ನಲ್ಲಿ (ಸೇರಿಸಲು ಕಳಿಸುವ ಕೋಡ್ ಬದಲಾವಣೆಯಲ್ಲಿ) ಇಡಿಸುತ್ತದೆ. ಎರಡನ್ನೂ ಅನುಸರಿಸಿ ನೋಡಿದಾಗ ನಮಗೆ ಹೆಚ್ಚು ಒದಗಿದ್ದು ಪ್ರತ್ಯೇಕ ಕಡತ. ಗುರುತು ಹಾಕುವವರು 'ಹೌದು' ಎಂದರೆ ಸಾಕು, ಆದರೆ ಟಿಪ್ಪಣಿ ಬರೆಯುವವರು ಯಾರಿಗೆ ಏನು ಬದಲಾಯಿತು ಎಂದು ಹೇಳಲೇಬೇಕಾಗುತ್ತದೆ. ಹಾಗೆ ಹೇಳಲು ಏನೂ ಸಿಗದಿದ್ದಾಗ ಆ ಬದಲಾವಣೆ ಪಟ್ಟಿಯಿಂದ ತಾನಾಗಿಯೇ ಬಿದ್ದುಹೋಗುತ್ತದೆ. ಬದಲಾವಣೆಯನ್ನು ಹಿಂತೆಗೆದರೆ ಟಿಪ್ಪಣಿಯೂ ಜೊತೆಗೇ ಅಳಿಯುತ್ತದೆ, ಕಮಿಟ್ ಸಂದೇಶದ ಗುರುತಾದರೋ ಇತಿಹಾಸದಲ್ಲಿ ಉಳಿದುಬಿಡುತ್ತದೆ. ಕೊರತೆಯೆಂದರೆ, ಹೊಸ ಸೌಲಭ್ಯಕ್ಕೆ ಉತ್ಸಾಹದಿಂದ ಟಿಪ್ಪಣಿ ಬರೆಯುವವರೇ ಹಳೆಯ ಆಯ್ಕೆಯೊಂದನ್ನು ಕಿತ್ತುಹಾಕಿದಾಗ ಮೌನವಾಗಿರುತ್ತಾರೆ. (ಇದು ನಾನು ಕಂಡ ಎಲ್ಲ ತಂಡಗಳ ಸ್ವಭಾವ.)

ಮೂರನೆಯದು ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಆದ ಡೆಬಿಯನ್‌ನ ಮಾದರಿ. ಅಲ್ಲಿ ಬಿಡುಗಡೆ ಟಿಪ್ಪಣಿಯಲ್ಲಿ ಏನಿರಬೇಕೆಂದು ಯಾರು ಬೇಕಾದರೂ ದೋಷವರದಿಯ ರೂಪದಲ್ಲಿ ಸೂಚಿಸಬಹುದು. ಡೆಬಿಯನ್ 12ರಲ್ಲಿ (2023) ಮುಕ್ತವಲ್ಲದ ಫರ್ಮ್‌ವೇರ್‌ಗೆ (ಯಂತ್ರಭಾಗಗಳನ್ನು ನಡೆಸುವ ತಂತ್ರಾಂಶಕ್ಕೆ) ಪ್ರತ್ಯೇಕ ವಿಭಾಗ ಮಾಡಿದ್ದು, 13ರಲ್ಲಿ (2025) ತಾತ್ಕಾಲಿಕ ಕಡತಗಳ ಕೋಶವಾದ /ಟಿಎಂಪಿಯನ್ನು ಡೀಫಾಲ್ಟ್ ಆಗಿ ಮೆಮೊರಿಗೆ ಸರಿಸಿದ್ದು, ಎರಡರ ಪರಿಣಾಮವೂ ಒಂದೇ ಪ್ಯಾಕೇಜ್‌ನ (ಬಿಡಿಯಾಗಿ ಅಳವಡಿಸುವ ತಂತ್ರಾಂಶದ ಕಟ್ಟಿನ) ಒಳಗೆ ನಿಲ್ಲುವಂಥದ್ದಲ್ಲ. ಇಡೀ ಯಂತ್ರವನ್ನು ಅಪ್‌ಗ್ರೇಡ್ ಮಾಡಿ ನೋಡುವವರಿಗೇ ಅದು ಪೂರ್ತಿ ಕಾಣುತ್ತದೆ. ಒಂದೇ ಪ್ಯಾಕೇಜ್‌ಗೆ ಸೀಮಿತವಾದ ಎಚ್ಚರಿಕೆಗಳಿಗೆ ಅಲ್ಲಿ ಬೇರೆ ಸುದ್ದಿ ಕಡತವಿದ್ದು, ಏಪಿಟಿ-ಲಿಸ್ಟ್‌ಚೇಂಜಸ್ ಎಂಬ ಸಲಕರಣೆ ಅದನ್ನು ಅಪ್‌ಗ್ರೇಡ್ ವೇಳೆಯಲ್ಲೇ ತೋರಿಸಬಲ್ಲದು. ಹೀಗಾಗಿ ಮುಖ್ಯ ಟಿಪ್ಪಣಿಯ ಹೊರೆ ಇಳಿಯುತ್ತದೆ. ನಮ್ಮಲ್ಲಿ ಈ ಮಾದರಿ ಕೊಟ್ಟ ತೊಂದರೆಯೆಂದರೆ, ಸೂಚನೆಗಳು ತಡವಾಗಿ ಬಂದು ಅನುವಾದಕರಿಗೆ ಸಮಯವೇ ಉಳಿಯಲಿಲ್ಲ.

ಈಗ ಪ್ಯಾಚ್ ಜೊತೆಗಿನ ಟಿಪ್ಪಣಿಯನ್ನು ಆಧಾರವಾಗಿಟ್ಟುಕೊಂಡು, ಅಪ್‌ಗ್ರೇಡ್ ಪರೀಕ್ಷಿಸಿದವರ ವರದಿಗಳಿಂದ ಅದನ್ನು ತುಂಬಿಸುತ್ತೇವೆ. ಒಂದನ್ನೇ ಆರಿಸಬೇಕಾಗಿ ಬಂದರೆ ಮೂರನೆಯದನ್ನೇ ಆರಿಸುವೆ: ಬಿಟ್ಟುಹೋದ ಸೌಲಭ್ಯವನ್ನು ಬಳಕೆದಾರರು ಮುಂದೆ ಎಂದಾದರೂ ಕಂಡುಕೊಳ್ಳುತ್ತಾರೆ, ಬಿಟ್ಟುಹೋದ ಎಚ್ಚರಿಕೆ ಅವರ ಕೆಲಸವನ್ನೇ ನಿಲ್ಲಿಸೀತು. ಕಮಿಟ್ ದಾಖಲೆಯಿಂದ ಸೋಸುವ ವಿಧಾನವನ್ನು ಪ್ಯಾಕೇಜ್‌ಗಳ ಆವೃತ್ತಿ ಸಂಖ್ಯೆಗಳ ಕೋಷ್ಟಕಕ್ಕೆ ಮಾತ್ರ ಉಳಿಸಿಕೊಂಡಿದ್ದೇವೆ.