ಹಳು ನುಗ್ಗಲು ಯಾವ ಬಟ್ಟೆ? ಮೂರು ಸೀಸನ್‌ನ ನನ್ನ ಲೆಕ್ಕ

ಮೊದಲ ದಿನ ನಾನು ಜೀನ್ಸ್ ಹಾಕಿಕೊಂಡು ಹೋಗಿದ್ದೆ. ನವೆಂಬರ್‌ನ ಒಂದು ಶನಿವಾರ, ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಹೆಲ್ಮ್‌ಸ್ಲಿ ಹತ್ತಿರದ ಸಣ್ಣ ಶೂಟ್, ಅಂದರೆ ಹಕ್ಕಿ ಬೇಟೆ. ಮಳೆ ಇರಲಿಲ್ಲ, ಬಿಸಿಲೇ ಇತ್ತು. ಆದರೂ ಮೊದಲ ಡ್ರೈವ್ (ಹಕ್ಕಿ ಎಬ್ಬಿಸುವ ಒಂದು ಸುತ್ತು) ಮುಗಿಯುವ ಹೊತ್ತಿಗೆ ಸೊಂಟದಿಂದ ಕೆಳಗೆ ಕೆರೆಗೆ ಇಳಿದು ಬಂದವನ ಹಾಗಿದ್ದೆ. ಹಿಂದಿನ ರಾತ್ರಿಯ ನೀರೆಲ್ಲ ಕೇಲ್ ಸೊಪ್ಪಿನ ಎಲೆ ಮೇಲೆ ಕೂತಿತ್ತು. ಆ ಹೊಲದೊಳಗೆ ನಡೆದರೆ ಅಷ್ಟೂ ನಮ್ಮ ತೊಡೆಗೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಕಾಲು ನೋಡಿ ನಕ್ಕರು. ಏನೂ ಹೇಳಲಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ನಮ್ಮ ಮಲೆನಾಡಿನ ಹಳಬರು ಶಿಕಾರಿ ಕಥೆ ಹೇಳುವಾಗ ‘ಹಳು ನುಗ್ಗೋದು’ ಅಂತಿದ್ದರಲ್ಲ, ಇಲ್ಲಿನ ಬೀಟಿಂಗ್ ಹೆಚ್ಚುಕಡಿಮೆ ಅದೇ. ಬಂದೂಕಿನವರು ಒಂದು ಕಡೆ ಸಾಲಾಗಿ ನಿಂತಿರುತ್ತಾರೆ. ನಾವು ಹದಿನೈದಿಪ್ಪತ್ತು ಜನ ಕಾಡಿನ ಆ ತುದಿಯಿಂದ ಮರಕ್ಕೆ ಕೋಲು ಬಡಿಯುತ್ತಾ, ಗೊಬ್ಬರದ ಚೀಲದ ಬಾವುಟ ಬೀಸುತ್ತಾ ಬಂದು ಫೆಸೆಂಟ್ (ಕೋಳಿ ಜಾತಿಯ ಉದ್ದ ಬಾಲದ ಹಕ್ಕಿ), ಕೌಜುಗಗಳನ್ನು ಎಬ್ಬಿಸಬೇಕು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಬರೀ ಕಥೆಯಾಯಿತು. ಇಲ್ಲಿ ಕಾನೂನೇ ಸೀಸನ್ ಗೊತ್ತು ಮಾಡಿದೆ. ಫೆಸೆಂಟ್‌ಗೆ ಅಕ್ಟೋಬರ್ 1ರಿಂದ ಫೆಬ್ರವರಿ 1. ಚಳಿ, ಮಳೆ, ಕೆಸರು ಮೂರೂ ಸೇರಿದ ನಾಲ್ಕು ತಿಂಗಳು. ಸಂಜೆ ನನ್ನ ಕೈಗೆ ಬರುವುದು 35 ಪೌಂಡ್, ಜೊತೆಗೆ ಒಂದು ಜೋಡಿ ಹಕ್ಕಿ. ಹೀಗಿರುವಾಗ ಬಟ್ಟೆಗೆ ಐನೂರು ಪೌಂಡ್ ಸುರಿಯುವ ಮಾತೇ ಇಲ್ಲ.

ಹೊಸಬರೆಲ್ಲ ಮೊದಲು ಜಾಕೆಟ್ ಹುಡುಕುತ್ತಾರೆ. ನಾನೂ ಅದನ್ನೇ ಮಾಡಿದೆ. ತಪ್ಪು. ಬೀಟರ್‌ಗೆ ಆಕಾಶದಿಂದ ಬೀಳುವ ನೀರಿಗಿಂತ ಗಿಡದಿಂದ ಹತ್ತುವ ನೀರೇ ಜಾಸ್ತಿ. ಅದಕ್ಕೇ ಕಾಲಿನಿಂದ ಶುರು ಮಾಡುತ್ತೇನೆ.

ಜೀನ್ಸ್ ಆದ ಮೇಲೆ ನಾನು ಹಾಕಿದ್ದು ಚಾರಣಕ್ಕೆ ಇಟ್ಟಿದ್ದ ತೆಳು ನೈಲಾನ್ ಪ್ಯಾಂಟು. ಪ್ಯಾಂಟಿನ ಮೇಲೆ ಏರಿಸಿಕೊಳ್ಳುವ ಥರದ್ದು. ಕೇಲ್ ಹೊಲದಲ್ಲಿ ಚೆನ್ನಾಗಿಯೇ ಇತ್ತು. ಆಮೇಲಿನ ಡ್ರೈವ್‌ನಲ್ಲಿ ಬ್ರ್ಯಾಂಬಲ್ ಪೊದೆ ಬಂತು. ಬ್ರ್ಯಾಂಬಲ್ ಅಂದರೆ ನಮ್ಮ ಸೀಗೆಮೆಳೆಯ ತಮ್ಮ ಅಂದುಕೊಳ್ಳಿ, ಹಿಡಿದರೆ ಬಿಡುವುದಿಲ್ಲ. ಹೊರಗೆ ಬಂದಾಗ ಮೊಣಕಾಲಿನ ಕೆಳಗೆ ಬರೀ ಚಿಂದಿ ನೇತಾಡುತ್ತಿತ್ತು. ಒಂದೇ ದಿನದ ಆಯುಷ್ಯ.

ಎರಡನೆಯದು ಮೇಣ ಹಚ್ಚಿದ ಹತ್ತಿಯ ಲೆಗ್ಗಿಂಗ್ಸ್, 45 ಪೌಂಡ್. ಹೆಂಗಸರ ಲೆಗ್ಗಿಂಗ್ಸ್ ಅಲ್ಲ ಮತ್ತೆ! ಎರಡು ಬೇರೆ ಬೇರೆ ಕೊಳವೆ, ಒಂದೊಂದು ಕಾಲಿಗೆ ಒಂದೊಂದು. ಮೇಲ್ತುದಿಯ ಪಟ್ಟಿಯನ್ನು ಬೆಲ್ಟಿಗೆ ಕಟ್ಟಬೇಕು. ಮುಳ್ಳು ಇದರ ಮೇಲೆ ಗೀರಿ ಜಾರಿ ಹೋಗುತ್ತದೆ. ಗಾಳಿ ಆಡುವುದರಿಂದ ಬೆವರೂ ಕಮ್ಮಿ. ಆದರೆ ಹಿಂಭಾಗ ಬಯಲು. ಒದ್ದೆ ಮರದ ದಿಮ್ಮಿ ಮೇಲೆ ಕೂತು ಟೀ ಕುಡಿದರೆ ಕೂತ ಜಾಗ ಒದ್ದೆ. ಸೊಂಟದೆತ್ತರದ ಕೇಲ್ ಆದರೆ, ಎಲ್ಲೆಲ್ಲಿ ನೆನೆಯುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಮೂರನೆಯದು, ಇಲ್ಲಿನ ರೈತರು ಕೊಟ್ಟಿಗೆ ತೊಳೆಯುವಾಗ ಹಾಕುವ ದಪ್ಪ ಪಿವಿಸಿ ಪ್ಯಾಂಟು. 20 ಪೌಂಡ್. ನೋಡಲು ಥೇಟ್ ಟಾರ್ಪಾಲು. ಹೆಜ್ಜೆ ಇಟ್ಟರೆ ಪರಪರ ಸದ್ದು. ಶೂಟಿಂಗ್ ಬಟ್ಟೆ ಮಾರುವವರೆಲ್ಲ ‘ಸದ್ದಿಲ್ಲದ ಬಟ್ಟೆ’ ಅಂತ ಹೆಮ್ಮೆಯಿಂದ ಹೇಳಿ ಅದಕ್ಕೇ ಜಾಸ್ತಿ ದುಡ್ಡು ಕೇಳುತ್ತಾರೆ. ಜಿಂಕೆ ಹಿಂದೆ ಹೋಗುವವನಿಗೆ ಅದು ಬೇಕು. ಗಲಾಟೆ ಮಾಡುವುದೇ ಕೆಲಸವಾದ ನಮಗೆ ಯಾಕೆ? ಡ್ರೈವ್ ಶುರುವಾಗುವ ಮೊದಲು ಸಾಲು ಕಟ್ಟುವಾಗ ಮಾತ್ರ ಸುಮ್ಮನಿರಬೇಕು, ಅಷ್ಟೇ. ಈ ಪ್ಯಾಂಟಿನೊಳಗೆ ಒಂದು ಹನಿ ನೀರು ಇಳಿಯುವುದಿಲ್ಲ. ಕಷ್ಟ ಒಳಗಿನದ್ದು. ಗುಡ್ಡ ಹತ್ತುವ ಡ್ರೈವ್ ಆದರೆ ಬೆವರಿನಲ್ಲೇ ಬೇಯುತ್ತೇವೆ.

ನನ್ನ ತೀರ್ಮಾನ ಇದು: ಕೇಲ್, ಜೋಳದ ಹೊಲ ಜಾಸ್ತಿ ಇರುವ ಶೂಟ್‌ಗೆ ಪಿವಿಸಿ, ಕಾಡು, ಮುಳ್ಳು ಜಾಸ್ತಿ ಇದ್ದರೆ ಮೇಣದ ಲೆಗ್ಗಿಂಗ್ಸ್. ಒಂದೇ ತಗೊಳ್ಳಬೇಕು ಅಂದರೆ ಪಿವಿಸಿಯೇ. ಯಾವುದಾದರೂ ಸರಿ, ಬೂಟಿನ ಹೊರಗೆ ಇಳಿಬಿಡಿ. ಒಳಗೆ ಸಿಕ್ಕಿಸಿದರೆ ಪ್ಯಾಂಟಿನ ಮೇಲೆ ಹರಿದ ನೀರು ನೇರ ಬೂಟಿಗೆ. ಇದನ್ನು ಯಾರೂ ನನಗೆ ಹೇಳಲಿಲ್ಲ. ಮಧ್ಯಾಹ್ನ ಬೂಟು ಮಗುಚಿ ನೀರು ಸುರಿದಾಗ ಗೊತ್ತಾಯಿತು.

ಈಗ ಜಾಕೆಟ್. ಇಲ್ಲೂ ಮೂರು.

ನನ್ನ ಬಳಿ ಮೊದಲೇ ಇದ್ದದ್ದು ಉಸಿರಾಡುವ ಪದರದ ಚಾರಣದ ಜಾಕೆಟ್, 160 ಪೌಂಡ್‌ದು. 1969ರಲ್ಲಿ ಅಮೆರಿಕದ ಬಾಬ್ ಗೋರ್ ಟೆಫ್ಲಾನ್ ಜಾತಿಯ ಪ್ಲಾಸ್ಟಿಕ್ ಅನ್ನು ಫಟ್ ಅಂತ ಎಳೆದು ಹಿಗ್ಗಿಸಿದ್ದರಿಂದ ಹುಟ್ಟಿದ ಉಪಾಯ ಇದು. ಪದರದ ತುಂಬ ಕಣ್ಣಿಗೆ ಕಾಣದ ತೂತು. ಬೆವರಿನ ಆವಿ ಹೊರಗೆ ಹೋಗುತ್ತದೆ, ಮಳೆಹನಿ ಒಳಗೆ ಬರುವುದಿಲ್ಲ. ಬೀಟರ್ ಅರ್ಧ ಗಂಟೆ ಗುಡ್ಡ ಹತ್ತುತ್ತಾನೆ, ಆಮೇಲೆ ಕೀಪರ್ (ಬೇಟೆಯ ಹಕ್ಕಿಗಳನ್ನು ನೋಡಿಕೊಳ್ಳುವವನು) ರೇಡಿಯೋದಲ್ಲಿ ‘ನಿಲ್ಲಿ’ ಅಂದರೆ ಹತ್ತು ನಿಮಿಷ ಕಂಬದ ಹಾಗೆ ನಿಲ್ಲುತ್ತಾನೆ. ಬೆವರಿ ನಿಲ್ಲುವ ಈ ಆಟಕ್ಕೆ ಇದರಷ್ಟು ಹಿತವಾದ ಜಾಕೆಟ್ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಮೂರನೇ ಶನಿವಾರ ಬ್ಲ್ಯಾಕ್‌ಥಾರ್ನ್ ಮುಳ್ಳು ತೋಳನ್ನು ಗೇಣುದ್ದ ಸೀಳಿತು. ಸೀಳಿದ್ದು ಕಾಣುತ್ತದೆ, ಪಟ್ಟಿ ಅಂಟಿಸಬಹುದು. ಸೂಜಿ ಚುಚ್ಚಿದಂಥ ನೂರು ತೂತು ಕಾಣುವುದಿಲ್ಲ. ಭುಜ ಯಾಕೆ ಒದ್ದೆ ಅಂತ ಯೋಚಿಸುತ್ತಾ ಮನೆಗೆ ಬರುತ್ತೀರಿ.

ಎರಡನೆಯದು ಮೇಣದ ಜಾಕೆಟ್. ಸೆಕೆಂಡ್ ಹ್ಯಾಂಡ್, ಲೇಬಲ್ ಕಿತ್ತುಹೋದದ್ದು, 40 ಪೌಂಡ್. ಇದು ಮೂಲದಲ್ಲಿ ಹಡಗಿನವರ ಬಟ್ಟೆ. ಹೆಸರಾದ ಬಾರ್ಬರ್ ಕಂಪನಿ 1894ರಲ್ಲಿ ಶುರುವಾದದ್ದೂ ಸೌತ್ ಶೀಲ್ಡ್ಸ್ ಬಂದರಿನಲ್ಲೇ, ನಾವಿಕರು, ಮೀನುಗಾರರು, ಬಂದರಿನ ಕೆಲಸದವರು ಗಿರಾಕಿಗಳು. ಎಂಥ ಮುಳ್ಳಿಗೂ ನನ್ನದು ಜಗ್ಗಿಲ್ಲ. ತೂತು ಬಿದ್ದರೂ ಮೇಣ ತಿಕ್ಕಿದರೆ ಮುಚ್ಚುತ್ತದೆ. ಬೆಲೆಯೂ ಇದೆ, ದುಡ್ಡಿನದಲ್ಲ. ಭಾರ. ಬೆವರಿದರೆ ಒಳಗೆಲ್ಲ ಜಿಗಿಜಿಗಿ. ವಾಷಿಂಗ್ ಮೆಷಿನ್‌ಗೆ ಹಾಕುವಂತಿಲ್ಲ. ವರ್ಷಕ್ಕೊಮ್ಮೆ ಮೇಣದ ಡಬ್ಬಿಯನ್ನು ಬಿಸಿನೀರಿನಲ್ಲಿ ಇಟ್ಟು ಕರಗಿಸಿ, ಬಟ್ಟೆ ತುಂಡಿನಿಂದ ಹೊಲಿಗೆ ಹೊಲಿಗೆಗೂ ತಿಕ್ಕಿ, ಹೇರ್ ಡ್ರೈಯರ್ ಹಿಡಿಯಬೇಕು. ಕಾರಿನ ಸೀಟಿಗೆ ಅಂಟಿದ ಮೇಣ ಹೋಗುವುದಿಲ್ಲ. ಆ ವಾಸನೆಗೆ ನನ್ನ ಹೆಂಡತಿ ಅದನ್ನು ಮನೆಯೊಳಗೇ ಸೇರಿಸುವುದಿಲ್ಲ. ಶೆಡ್‌ನಲ್ಲಿ ಸೈಕಲ್ ಪಕ್ಕ ಅದರ ಜಾಗ.

ಮೂರನೆಯದು ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆಯ ಕೋಟು. ಚಾರಿಟಿ ಅಂಗಡಿಯಲ್ಲಿ 15 ಪೌಂಡ್‌ಗೆ ಸಿಕ್ಕಿತು. ದೊಡ್ಡ ಎಸ್ಟೇಟುಗಳ ಕೀಪರ್‌ಗಳಿಗೆ ಅವರದ್ದೇ ವಿನ್ಯಾಸದ ಟ್ವೀಡ್ ಇರುತ್ತದೆ. ಬರೀ ಶೋಕಿ ಅಂದುಕೊಂಡಿದ್ದೆ. ಹಾಕಿದ ಮೇಲೆ ನೆನಪಾದದ್ದು ಅಜ್ಜನ ಕಂಬಳಿ ಕೊಪ್ಪೆ. ಆಗುಂಬೆ ಕಡೆಯ ಮಳೆಯಲ್ಲಿ ದಿನವಿಡೀ ಗದ್ದೆಯಲ್ಲಿದ್ದರೂ ಅಜ್ಜನಿಗೆ ಚಳಿ ಹತ್ತುತ್ತಿರಲಿಲ್ಲ. ಉಣ್ಣೆಯ ಗುಣವೇ ಅದು. ತನ್ನ ತೂಕದ ಮೂರನೇ ಒಂದರಷ್ಟು ತೇವ ಕುಡಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ. ಮುಳ್ಳು ಸಿಕ್ಕಿಕೊಂಡರೆ ಎಳೆದು ಬಿಡಿಸಬಹುದು, ಒಂದೆರಡು ಎಳೆ ಹೊರಬರುತ್ತದೆ, ಅಷ್ಟೇ. ಜಿಟಿಜಿಟಿ ಮಳೆಗೆ, ಒಣ ಚಳಿಗೆ ನನಗೆ ಇದೇ ಇಷ್ಟ. ಜಡಿಮಳೆ ಹಿಡಿದರೆ ಮಾತ್ರ ಊಟದ ಹೊತ್ತಿಗೆ ಅಕ್ಕಿ ಮೂಟೆ ಹೊತ್ತ ಹಾಗಾಗುತ್ತದೆ, ಒಣಗಲು ಎರಡು ದಿನ. ನೆನೆದ ಕಂಬಳಿಯ ವಾಸನೆ ಮಾತ್ರ ನನಗೆ ಊರಿನದ್ದೇ.

ಹಾಗಾಗಿ ಮಳೆ ಖಂಡಿತ ಅಂದರೆ ಮೇಣ, ಇಲ್ಲದಿದ್ದರೆ ಟ್ವೀಡ್. ಚಾರಣದ ಜಾಕೆಟ್ ಚಾರಣಕ್ಕೇ ವಾಪಸ್ ಹೋಯಿತು. ಒಳಗೆ ಏನೇ ಹಾಕಿ, ಹತ್ತಿ ಬನಿಯನ್ ಬೇಡ. ಬೆವರಿ ನಿಂತಾಗ ಅದು ಬೆನ್ನಿಗೆ ಮಂಜುಗಡ್ಡೆ ಅಂಟಿಸಿದ ಹಾಗೆ. ತೆಳು ಉಣ್ಣೆಯದ್ದು ಸಾಕು.

ಬೂಟಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಳಗೆ ನಿಯೋಪ್ರೀನ್ ಇರುವ ವೆಲ್ಲಿಂಗ್ಟನ್ ಬೂಟು ನಿಂತಾಗ ಬೆಚ್ಚಗೆ, ನಡೆದಾಗ ಒಲೆ. ಸಾದಾ ರಬ್ಬರ್ ಬೂಟಿಗೆ ಉದ್ದದ ಉಣ್ಣೆ ಕಾಲುಚೀಲ ಹಾಕಿದರೆ ಎರಡೂ ಸರಿಹೋಗುತ್ತದೆ. ಚರ್ಮದ ಬೂಟು ಇಳಿಜಾರಿನಲ್ಲಿ ಹರಡನ್ನು ಹಿಡಿದಿಡುತ್ತದೆ, ಕೇಲ್ ಹೊಲದಲ್ಲಿ ಸೋಲುತ್ತದೆ. ಆಗಸ್ಟ್ 12ಕ್ಕೆ ಶುರುವಾಗುವ ಗ್ರೌಸ್ ಹಕ್ಕಿಯ ಬೀಟಿಂಗ್‌ಗೆ ಒಮ್ಮೆ ಹೋಗಿದ್ದೆ. ಅಲ್ಲಿ ಮಾತ್ರ ಚರ್ಮದ್ದೇ ಬೇಕು. ಮುಳ್ಳಿಲ್ಲ, ಬಯಲು ಗುಡ್ಡದಲ್ಲಿ ಹೆದರ್ ಗಿಡದ ನಡುವೆ ಮೈಲಿಗಟ್ಟಲೆ ನಡಿಗೆ, ಬಿಸಿಲು. ಜಾಕೆಟ್ ಸೊಂಟಕ್ಕೆ ಕಟ್ಟಿಕೊಂಡೇ ಇದ್ದೆ. ಆದರೆ ಉಣ್ಣೆ ಇದೆ, ಅದರಿಂದ ಲೈಮ್ ಕಾಯಿಲೆ ಬರಬಹುದು, ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಲೇಬೇಕು. ಕಚ್ಚುವ ಈ ಉಣ್ಣೆಯೇ ಬೇರೆ, ಕೋಟಿನ ಉಣ್ಣೆಯೇ ಬೇರೆ ಅಂತ ಬಿಡಿಸಿ ಹೇಳಬೇಕಾಗಿ ಬಂತು ನೋಡಿ!

ತಲೆಗೆ ಮುಂದೆ ಅಂಚಿರುವ ಟೋಪಿ. ಬಂದೂಕಿನಿಂದ ಹಾರಿ ಬಲ ಕಳೆದುಕೊಂಡ ಚರೆ ಕೆಲವೊಮ್ಮೆ ಮೇಲಿಂದ ಎಲೆಗಳ ಮೇಲೆ ಅಕ್ಕಿ ಎರಚಿದ ಹಾಗೆ ಉದುರುತ್ತದೆ. ಗಾಯ ಆಗದಿದ್ದರೂ ಆಗ ಮುಖ ಎತ್ತಿ ನೋಡಬಾರದು. 6 ಪೌಂಡ್‌ನ ಕಾರ್ಖಾನೆ ಕನ್ನಡಕ ಹಾಕಿಕೊಳ್ಳಿ. ಮುಂದಿನವನು ಬಿಟ್ಟ ಮುಳ್ಳಿನ ಕೊಂಬೆ ನೇರ ಕಣ್ಣಿಗೇ ಬರುವುದು. ಬಣ್ಣದ ಚಿಂತೆ ಬೇಡ. ನಾವು ಹಕ್ಕಿಗೆ ಕಾಣಬೇಕಾದವರು, ಬಂದೂಕಿನವರಿಗೂ. ಮಂಜು ಇದ್ದ ದಿನ ನಮ್ಮ ಕೀಪರ್ ಎಲ್ಲರಿಗೂ ಕಿತ್ತಳೆ ಬಣ್ಣದ ವೆಸ್ಟ್ ಹಂಚಿದ್ದರು.

ಉಳಿದದ್ದು ಕೈಗವಸು. ಅದು ಮಾತ್ರ ಇನ್ನೂ ಬಗೆಹರಿದಿಲ್ಲ. ಉಣ್ಣೆಯದ್ದು ಮುಳ್ಳಿಗೆ ಸಿಕ್ಕಿ ಪೊದೆಯಲ್ಲೇ ಉಳಿಯಿತು. ಬೇಲಿ ಕತ್ತರಿಸುವವರ ದಪ್ಪ ಚರ್ಮದ್ದು ಹಾಕಿದರೆ ಕೋಲು ಹಿಡಿತಕ್ಕೆ ಸಿಗುವುದಿಲ್ಲ. ಬ್ಲ್ಯಾಕ್‌ಥಾರ್ನ್ ಮುಳ್ಳು ಗೆಣ್ಣಿನಲ್ಲಿ ಮುರಿದರೆ ವಾರಗಟ್ಟಲೆ ಊತ, ಬರಿಗೈಯಲ್ಲಿ ಹೋಗುವಂತೆಯೂ ಇಲ್ಲ. ಸದ್ಯಕ್ಕೆ ಪೊದೆ ಸರಿಸುವ ಎಡಗೈಗೆ ಚರ್ಮದ್ದು, ಕೋಲು ಹಿಡಿಯುವ ಬಲಗೈ ಖಾಲಿ. ಬಲಗೈದು ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಹೊಸದಾಗಿಯೇ ಬಿದ್ದಿದೆ. ಎಡಚರು ಯಾರಾದರೂ ಬೀಟಿಂಗ್‌ಗೆ ಬರುವವರಿದ್ದರೆ ಹೇಳಿ, ಕೊಡುತ್ತೇನೆ.